ಮೊದಲು ಕೈ ತೆಗೀರಿ

ನಮ್ಮ ಸಾರ್ ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಮೇಲಿನ ಗೆಣ್ಣೇ ಇರಲಿಲ್ಲ. ಕೀಬೋರ್ಡಿನ ಮೇಲೆ ಆ ಮೋಟು ಬೆರಳಿನ ಸದ್ದೇ ಜೋರು. ಬಾಗಲೂರಿನವರು. ಹರೆಯದಲ್ಲಿ, ಕರೆಂಟ್ ಹೋಗಿದ್ದಾಗ ತೋಟದ ಪಂಪಿನ ಬೆಲ್ಟ್ ಸರಿಮಾಡುತ್ತಿದ್ದರಂತೆ. ಕರೆಂಟ್ ಬಂತು, ಆಟೋ ಸ್ಟಾರ್ಟರ್ ಯಾರನ್ನೂ ಕೇಳದೆ ಮೋಟಾರ್ ಓಡಿಸಿಬಿಟ್ಟಿತು.

ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ನಾವಿಬ್ಬರೂ ಲ್ಯಾಬ್ ವರದಿಗಳ ಸರ್ವರ್ ನೋಡಿಕೊಳ್ಳುತ್ತಿದ್ದೆವು. ಎರಡು ಸರ್ವರ್, ಎರಡಕ್ಕೂ ಸೇರಿ ಒಂದೇ ಡಿಸ್ಕ್. ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು. ಆದರೆ ಅದು ತಾನಾಗಿ ಏಳದಂತೆ ಸಾರ್ ಕಟ್ಟಿಹಾಕಿದ್ದರು. "ಬಿದ್ದಿದ್ಯಾಕೆ ಅಂತ ನೋಡ್ದೆ ಎಬ್ಬಿಸ್ಬಾರ್ದು ಕಣಮ್ಮ," ಎನ್ನುವರು. ಸ್ಟಾರ್ಟ್ ಒತ್ತುವ ಮುನ್ನ, ಕೋಣೆಯಲ್ಲಿ ನಾನೊಬ್ಬಳೇ ಇದ್ದರೂ, "ಕೈ ತೆಗೀರಿ" ಎಂದು ಕೂಗಿ, ಸುತ್ತ ನೋಡಿ, ಆಮೇಲೇ ಒತ್ತುವರು. ನಾನು ಒಳಗೊಳಗೇ ನಗುತ್ತಿದ್ದೆ.

ಸರ್ವರ್ ಬಿದ್ದಾಗಲೆಲ್ಲ ಹೆಬ್ಬಾಳದಾಚೆಯ ಸಿಂಗಾಪುರ ಬಡಾವಣೆಯ ಮನೆಯಿಂದ ಸ್ಕೂಟರಿನಲ್ಲಿ ಓಡಿಬಂದು ಒಂದು ಗುಂಡಿ ಒತ್ತುವುದು ನನಗೆ ಸಾಕುಸಾಕಾಗಿತ್ತು. ಸಾರ್ ರಜೆಯಲ್ಲಿದ್ದಾಗ, ಹೇಳದೆ ಕೇಳದೆ, ಆಟೋ ಸ್ಟಾರ್ಟ್ ಹಾಕಿಟ್ಟೆ. ಭಾರೀ ಬುದ್ಧಿವಂತೆ ನಾನು.

ಅವರು ಮರಳಿದ ವಾರವೇ, ಒಂದು ಬೆಳಿಗ್ಗೆ, ಎರಡು ಸರ್ವರುಗಳ ನಡುವಿನ ಕೇಬಲ್ ಸಡಿಲವಾಯಿತು. ಮೊದಲನೆಯದು ಸತ್ತಿದೆ ಎಂದುಕೊಂಡು ಎರಡನೆಯದೂ ಎದ್ದಿತು. ಎರಡೂ ಒಂದೇ ಡಿಸ್ಕಿಗೆ ಬರೆದವು. ಒಬ್ಬರ ರಕ್ತದ ವರದಿ ಇನ್ನೊಬ್ಬರ ಹೆಸರಿಗೆ ಸೇರಿತು. ಸಾರ್ ಎರಡನ್ನೂ ನಿಲ್ಲಿಸಿ ವಾರ್ಡುಗಳಿಗೆಲ್ಲ ಫೋನ್ ಮಾಡಿದರು. "ಇವತ್ತಿನ ಯಾವ ರಿಪೋರ್ಟೂ ನಂಬ್ಬೇಡಿ. ಲ್ಯಾಬಿನ ರಿಜಿಸ್ಟರ್ ನೋಡ್ಕೊಳ್ಳಿ."

ಮ್ಯಾನೇಜರ್ ಬಂದು ರೇಗಿದರು. "ಪೇಷೆಂಟ್ಸ್ ಕಾಯ್ತಿದಾರೆ. ಮೊದ್ಲು ಸ್ಟಾರ್ಟ್ ಮಾಡ್ರೀ."

"ಮಾಡಲ್ಲ," ಎಂದರು ಸಾರ್. "ಒಂದೊಂದೇ ತಾಳೆ ನೋಡ್ಬೇಕು. ನನ್ ಕೆಲ್ಸ ಹೋದ್ರೂ ಪರ್ವಾಗಿಲ್ಲ."

ಮಧ್ಯಾಹ್ನದವರೆಗೆ ರಿಜಿಸ್ಟರ್ ಹಿಡಿದು ಕೂತೆವು. ಅಂದೇ ಆಪರೇಷನ್ ಆಗಬೇಕಿದ್ದ ಹೆಂಗಸೊಬ್ಬರ ರಕ್ತದ ಗುಂಪು ಕಂಪ್ಯೂಟರಿನಲ್ಲಿ ತಪ್ಪಾಗಿತ್ತು. ತಪ್ಪು ನನ್ನದೆಂದು ಅಲ್ಲೇ ಒಪ್ಪಿಕೊಂಡೆ.

ಸಾರ್ ಬೈಯಲಿಲ್ಲ. ಮೋಟು ಬೆರಳನ್ನು ತಾವೇ ನೋಡಿಕೊಂಡರು. ಬಾಯಲ್ಲಿ ಊರಿನ ಮಾತು ಬಂತು.

"ಆ ಆಟೋ ಸ್ಟಾರ್ಟರ್ ಆಕ್ಸಿದ್ದು ಯಾರು ಗೊತ್ತೇನಮ್ಮ? ನಾನೇ. ದಿನಾ ತೋಟಕ್ಕೆ ಓಗಕ್ಕೆ ಸೋಮಾರಿತನ." ಕುರ್ಚಿಯನ್ನು ನನ್ನ ಕಡೆ ತಳ್ಳಿದರು. "ಬಾ, ಈ ಆಟೋ ಸ್ಟಾರ್ಟ್ ನೀನೇ ಆಫ್ ಮಾಡು."

ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಆ ಕೋಣೆಯಲ್ಲಿ ಕೂಗುವವಳು ನಾನು. ಹೊಸಬರು ಮುಸಿಮುಸಿ ನಗುತ್ತಾರೆ. ನಗಲಿ, ಕೈ ತೆಗೆದರೆ ಸಾಕು.