ಮೂರು ಸಲ ಕೆಂಪು

ಕಣ್ಣು ಕಾಣದವರಿಗೆ ಕನ್ನಡ ಪುಸ್ತಕ ಓದಿ ಹೇಳುವ ತಂತ್ರಾಂಶವೊಂದಿದೆ. ಊರೂರಿನ ಸ್ವಯಂಸೇವಕರು ಸೇರಿ, ಪುಕ್ಕಟೆ ಹಂಚಲೆಂದು ಕಟ್ಟಿದ್ದು. ಅದರಲ್ಲಿ ನನ್ನದು ಊರ ಅಗಸಿ ಬಾಗಿಲು ಕಾಯುವವನ ಕೆಲಸ. ಯಾರಾದರೂ ಕೋಡ್ ತಿದ್ದಿದರೆ ಇಡೀ ತಂತ್ರಾಂಶವನ್ನು ಹೊಸದಾಗಿ ಕಟ್ಟಿ ಪರೀಕ್ಷಿಸುವ ಬಿಲ್ಡ್ ಸರ್ವರ್‌ಗಳು ಬಸವನ ಬಾಗೇವಾಡಿಯ ನಮ್ಮ ಮನೆಯ ಮಹಡಿಯಲ್ಲಿವೆ. ಪಾಸಾದರೆ ಪರದೆಯ ಮೇಲೆ ಹಸಿರು, ಫೇಲಾದರೆ ಕೆಂಪು. ಹಸಿರಾಗದೆ ಏನೂ ಜನರ ಕೈ ಸೇರುವಂತಿಲ್ಲ.

ಈ ಕೆಲಸದ ಬಗ್ಗೆ ನನಗೆ ಸೊಕ್ಕಿತ್ತು. ಯಾರಾದರೂ ತಮ್ಮ ತಪ್ಪಿಗೆ ಸರ್ವರ್ ಮೇಲೆ ಗೂಬೆ ಕೂರಿಸಿದರೆ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಬರೆದು ಬಾಯಿ ಮುಚ್ಚಿಸುತ್ತಿದ್ದೆ.

ಒಂದು ಪರೀಕ್ಷೆ ಮಾತ್ರ ನನಗೂ ಬಗ್ಗುತ್ತಿರಲಿಲ್ಲ. ಒಮ್ಮೊಮ್ಮೆ ಸುಮ್ಮಸುಮ್ಮನೆ ಕೆಂಪಾಗುತ್ತಿತ್ತು, ಇನ್ನೊಮ್ಮೆ ಓಡಿಸಿದರೆ ಹಸಿರು. ಕಾರಣ ಹುಡುಕಲು ಬೇಸರ. ‘ಕೆಂಪಾದರೆ ಮತ್ತೆ ಓಡಿಸಿ’ ಎಂದು ನಿಯಮವನ್ನೇ ಬರೆದಿಟ್ಟೆ. ಕಳೆದ ವರ್ಷ ಶಾಲೆಗಳು ಶುರುವಾಗುವ ಹೊತ್ತಿಗೆ ಸಿದ್ಧವಾದ ಆವೃತ್ತಿ ಮೂರು ಸಲ ಕೆಂಪಾಯಿತು. ನಾಲ್ಕನೆಯ ಸಲ ಹಸಿರು. ಬಿಡುಗಡೆ ಮಾಡಿ ಊಟಕ್ಕೆ ಕೂತೆ.

ಹದಿನೈದು ದಿನಕ್ಕೆ ಮುದ್ದೇಬಿಹಾಳದ ಕಡೆಯ ಶಿಕ್ಷಕಿಯೊಬ್ಬರ ಫೋನ್ ಬಂತು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ನಮ್ಮ ತಂತ್ರಾಂಶದ ದನಿಯನ್ನು ಒಂದು ಕಿವಿಯಲ್ಲಿ ಕೇಳಿಕೊಂಡು ಮಕ್ಕಳಿಗೆ ಪಾಠ ಓದುತ್ತಿದ್ದರು. ಮೇಲಧಿಕಾರಿ ಕ್ಲಾಸು ನೋಡಲು ಬಂದ ದಿನವೇ ಆ ದನಿ ನಡುವೆ ನಿಂತುಹೋಯಿತು. ಅವರು ಮಕ್ಕಳ ಮುಂದೆ ಮಾತಿಲ್ಲದೆ ನಿಂತರು. ಇವರೊಬ್ಬರಿಂದಲೇ ಆಗದು, ಕ್ಲಾಸಿನಲ್ಲಿ ಇನ್ನೊಬ್ಬ ಶಿಕ್ಷಕರು ಕೂತಿರಬೇಕು ಎಂದು ಮರುದಿನ ಹೆಡ್ ಮಾಸ್ತರರ ಆರ್ಡರ್ ಆಯಿತು.

ಅವತ್ತೇ ಹುಡುಕಲು ಕೂತೆ. ಎರಡು ವರ್ಷ ಹುಡುಕದೆ ಬಿಟ್ಟಿದ್ದ ಕಾರಣ ಎರಡೇ ದಿನದಲ್ಲಿ ಸಿಕ್ಕಿತು. ಪುಟ ತಿರುಗುವಾಗ ತಂತ್ರಾಂಶದೊಳಗಿನ ಎರಡು ಕೆಲಸಗಳು ಒಂದೇ ಕಡತಕ್ಕೆ ಒಟ್ಟಿಗೆ ಕೈ ಹಾಕಿದರೆ ದನಿ ನಿಲ್ಲುತ್ತಿತ್ತು. ಆ ಹಾಳು ಪರೀಕ್ಷೆ ಅದನ್ನೇ ಹೇಳುತ್ತ ಬಂದಿತ್ತು. ದೋಷ ಸರಿಪಡಿಸಿ, ನಿಡಗುಂದಿಯಲ್ಲಿ ಬಸ್ಸು ಬದಲಿಸಿ ಅವರ ಶಾಲೆಗೆ ಹೋದೆ.

“ಹಿಂಗ ಆಗ್ತೈತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?” ಎಂದು ಅವರು ಕೇಳಿದರು.

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ಅರ್ಧ ನಿಜವೂ ಹೌದು.

“ಮಶೀನ್ ಮೂರ ಸಲ ಹೇಳಿತ್ರಿ. ನಾ ಕೇಳಲಿಲ್ಲ. ತಪ್ಪು ನಂದು,” ಎಂದೆ.

ಅವರು ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. “ನನಗ ಹೇಳಿ ಏನ್ ಮಾಡ್ತೀರಿ? ಹೆಡ್ ಮಾಸ್ತರಗ ಹೇಳ್ರಿ,” ಎಂದು ಎದ್ದು, ಗೋಡೆ ಹಿಡಿದು ನಡೆದು, ತಾವೇ ಅವರ ಕೋಣೆಗೆ ಕರೆದೊಯ್ದರು.

ಹೇಳಿದೆ. ಬರೆದೂ ಕೊಟ್ಟೆ. ಹೆಡ್ ಮಾಸ್ತರರು ಸಜ್ಜನರು. ಚಹಾ ತರಿಸಿ ಎಲ್ಲ ಕೇಳಿದರು. “ರಿಪೇರಿ ಆತಲ್ರಿ, ಭಾಳ ಚಲೋ ಆತು,” ಎಂದರು. “ಆದ್ರ ಆರ್ಡರ್ ಹಂಗ ಇರ್ಲಿ ಬಿಡ್ರಿ. ನಾಳಿ ಮತ್ತ ನಿಂತ್ರ?”

ಪಕ್ಕದಲ್ಲಿದ್ದ ಶಿಕ್ಷಕಿ ಎದ್ದು ಕ್ಲಾಸಿಗೆ ಹೊರಟರು.

ಆ ನಿಯಮ ಅಳಿಸಿದ್ದೇನೆ. ಈಗ ಒಂದೇ ಒಂದು ಕೆಂಪಿಗೂ ಬಿಡುಗಡೆ ನಿಲ್ಲಿಸುತ್ತೇನೆ. ಜೊತೆಗಾರರು ಗೊಣಗುತ್ತಾರೆ, ಗೊಣಗಲಿ. ದನಿ ಮತ್ತೆಂದೂ ನಿಂತಿಲ್ಲ. ಆದರೂ ಆ ಶಿಕ್ಷಕಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಇವತ್ತಿಗೂ ಇನ್ನೊಬ್ಬ ಶಿಕ್ಷಕರು ಕೂತಿರುತ್ತಾರೆ.