ಬಾಗಿಲು ಹಾಕಿದ ಚರ್ಚೆ

ವಿದ್ಯಾರ್ಥಿಗಳು ಅವಳಿಗೆ ಇಟ್ಟ ಹೆಸರು ನಿಧಾನ ಮೇಡಂ. ಸಂಜೆ ಕಾಲೇಜಿನಲ್ಲಿ ಸಾಹಿತ್ಯ ಕಲಿಸುತ್ತಿದ್ದಳು. ಕವಿತೆ ಓದಿ ಮುಗಿಸಿದ ಮೇಲೆ ಪುಸ್ತಕ ಮಡಚಿ, ಕಿಟಕಿಯತ್ತ ತಿರುಗಿ ಸುಮ್ಮನೆ ನಿಲ್ಲುವುದು ಅವಳ ಪದ್ಧತಿ. ಹಗಲೆಲ್ಲ ಅಂಗಡಿ, ಗೋದಾಮು, ಆಸ್ಪತ್ರೆಗಳಲ್ಲಿ ದುಡಿದು ಬಂದವರು ಆ ಮೌನದಲ್ಲಿ ಅರೆಗಣ್ಣಾಗುತ್ತಿದ್ದರು. ಟ್ಯೂಬ್‌ಲೈಟು ಗುಂಯ್ಗುಡುತ್ತಿತ್ತು. ಹೊರಗೆ ಬಸ್ಸು ತಿರುಗಿದಾಗ ಅದರ ಬೆಳಕು ಗೋಡೆಯ ಮೇಲೆ ಈಜಿಕೊಂಡು ಹೋಗುತ್ತಿತ್ತು. ನೋಡಿದವರು ಇದನ್ನು ನಿದ್ದೆ ಎನ್ನುತ್ತಿದ್ದರು, ಅವಳು ಓದು ಎನ್ನುತ್ತಿದ್ದಳು. ಎರಡೂ ಪೂರ್ತಿ ಸುಳ್ಳಲ್ಲ.

ಆಡಳಿತ ಮಂಡಳಿಗೆ ಮಾತ್ರ ಅದು ನಿದ್ದೆಯೇ. ಪ್ರಿನ್ಸಿಪಾಲರು ಅವಳನ್ನು ಕರೆಸಿದರು.

"ನಿಮ್ಮ ಕ್ಲಾಸಲ್ಲಿ ಯಾರೂ ಬಾಯಿ ಬಿಡಲ್ವಂತೆ. ಎಲ್ಲ ವಿಷಯಕ್ಕೂ ಆನ್‌ಲೈನ್ ಚರ್ಚೆ ಪುಟ ಕೊಟ್ಟಿದೀವಲ್ಲ, ಅಲ್ಲಾದ್ರೂ ಮಾತಾಡ್ಸಿ. ಇಲ್ಲಾಂದ್ರೆ ಮುಂದಿನ ವರ್ಷ ಈ ಪೇಪರ್ ಇರಲ್ಲ."

"ಎಷ್ಟು ಮಾತಾಡ್ಬೇಕು ಸರ್?"

"ಲೆಕ್ಕಕ್ಕೆ ಸಿಗೋಷ್ಟು ಮೇಡಂ."

ಪೇಪರ್ ಹೋದರೆ ಅವಳ ಕೆಲಸವೂ ಹೋಗುತ್ತದೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅವಳು ಯಾರನ್ನೂ ಕೇಳದೆ ಮನೆಯಲ್ಲಿ ಕೂತು ಪುಟ ತೆರೆದಳು. ಜೀವನವಿಡೀ ಉತ್ತರಪತ್ರಿಕೆ ತಿದ್ದಿದವಳಿಗೆ ಒಂದೇ ಭಯ, ಕಾಪಿ. ಹಾಗಾಗಿ ಇತರರ ಬರಹ ಕಾಣದಂತೆ ಮಾಡುವ ಆಯ್ಕೆಗೆ ಗುರುತು ಹಾಕಿದಳು. ತಮ್ಮದನ್ನು ಬರೆದು ಮುಗಿಸಿದ ಕೂಡಲೇ ಉಳಿದವರದು ಕಾಣುತ್ತದೆಂದು ಅವಳ ಊಹೆ. ನಿಜದಲ್ಲಿ ಆ ಗುರುತು ಎಲ್ಲರ ಬರಹವನ್ನೂ ಅವಳೊಬ್ಬಳಿಗೇ ಕಾಣಿಸುವಂಥದ್ದು.

ಪಾಠದಲ್ಲಿದ್ದ ಕವಿತೆಯಲ್ಲಿ ಮುಸ್ಸಂಜೆಗೆ ತಾನಾಗಿ ದಡ ಬಿಡುವ ಒಂದು ದೋಣಿ ಬರುತ್ತದೆ. "ಅದರಲ್ಲಿ ನಿಮ್ಮ ಜೊತೆ ಯಾರು ಕೂರುತ್ತಾರೆ?" ಎಂದು ಕೇಳಿದಳು.

ಉತ್ತರಗಳು ಬರತೊಡಗಿದವು. ಅಡುಗೆಕಟ್ಟೆಯ ಮೇಲೆ ಡಬ್ಬಿಗೆ ಫೋನು ಒರಗಿಸಿ, ಹಾಲು ಉಕ್ಕುವುದನ್ನು ಕಾಯುತ್ತಾ ಓದುತ್ತಿದ್ದಳು. ವಾರ್ಡಿನ ಆಯಾ ಒಬ್ಬಳು ಹೆಸರು ಗೊತ್ತಿಲ್ಲದ ರೋಗಿಯೊಬ್ಬನನ್ನು ಕೂರಿಸಿಕೊಂಡು ಹೊರಟಿದ್ದಳು. ಗೋದಾಮಿನಲ್ಲಿ ದುಡಿಯುವ ಉದ್ದನೆಯವನೊಬ್ಬ ತನ್ನೊಡನೆ ಮಾತು ಬಿಟ್ಟ ಅಪ್ಪನನ್ನು ಹತ್ತಿಸಿಕೊಂಡಿದ್ದ. ದೋಣಿಯಾದರೆ ಅಪ್ಪ ನಡುವೆ ಎದ್ದು ಹೋಗುವಂತಿಲ್ಲ ಎಂದು ಬರೆದಿದ್ದ. ಓದುತ್ತಾ ಓದುತ್ತಾ ಅಡುಗೆಮನೆಯ ನೆಲ ಮೆಲ್ಲಗೆ ತೂಗಿದಂತಾಗುತ್ತಿತ್ತು. ಹಾಲು ಉಕ್ಕಿ ಒಲೆ ಆರಿಹೋದದ್ದೂ ಉಂಟು. ಅವಳು ಹೀಗೆ ಸುಖವಾಗಿ ತೇಲುತ್ತಿರುವಾಗ ಪ್ರಿನ್ಸಿಪಾಲರ ಫೋನು ಬಂತು.

"ನಿಮ್ಮ ಪುಟದ ಅಂಕಿಅಂಶ ನೋಡ್ದೆ. ಒಬ್ಬರಿಗೊಬ್ಬರು ಒಂದುತ್ತರನೂ ಕೊಟ್ಟಿಲ್ಲ. ಇದು ಚರ್ಚೆನಾ, ಅಹವಾಲಿನ ಪೆಟ್ಟಿಗೆನಾ? ವಾರದ ಕೊನೆಗೆ ಮಂಡಳಿ ಸಭೆ ಇದೆ."

ಜೊತೆಗೇ ಇದ್ದ ತಂಗಿ ಫೋನು ರಿಪೇರಿ ಅಂಗಡಿಯವಳು. ಪುಟ ನೋಡಿದವಳೇ ನಕ್ಕಳು.

"ಅಕ್ಕಾ, ಒಬ್ಬೊಬ್ರನ್ನೂ ಒಂದೊಂದು ಕೋಣೇಲಿ ಕೂರಿಸಿ ಚಿಲಕ ಹಾಕಿದೀಯಲ್ಲೇ. ಇನ್ನು ಮಾತಾಡಿ ಅಂದ್ರೆ ಗೋಡೆ ಜೊತೆ ಮಾತಾಡ್ತಾರಾ? ಈ ಗುರುತು ತೆಗೆದ್ರೆ ಎಲ್ಲರದೂ ಎಲ್ಲರಿಗೂ ಕಾಣುತ್ತೆ. ತೆಗೀಲಾ?"

"ಕೈ ತೆಗಿ."

"ಕೆಲಸ ಹೋಗುತ್ತೆ ಕಣೇ."

"ಕೆಲವರು ನನ್ನೊಬ್ಬಳಿಗೇ ಅಂತ ಬರೆದಿರಬಹುದು. ಅವರನ್ನ ಕೇಳ್ದೆ ತೆಗೆಯಲ್ಲ."

ಮರುದಿನ ತರಗತಿಯಲ್ಲಿ ತನ್ನ ತಪ್ಪನ್ನು ನೇರವಾಗಿ ಹೇಳಿದಳು, ಮಂಡಳಿ ಸಭೆಯ ವಿಷಯವನ್ನೂ ಸೇರಿಸಿ. ಅರೆಗಣ್ಣುಗಳೆಲ್ಲ ಪೂರ್ತಿ ತೆರೆದವು.

"ಅಂದ್ರೆ ನಂದು ಇವರ್ಯಾರೂ ಓದೇ ಇಲ್ವಾ?" ಎಂದ ಉದ್ದನೆಯವನು. "ಓದಿ ಮರ್ಯಾದೆಗೆ ಸುಮ್ನಿದ್ದಾರೆ ಅಂದ್ಕೊಂಡಿದ್ದೆ ಮೇಡಂ."

"ನಾನೊಬ್ಳೇ ಬರೀತಿರೋದು, ನೀವೆಲ್ಲ ಸೋಮಾರಿಗಳು ಅಂದ್ಕೊಂಡಿದ್ದೆ," ಎಂದಳು ಆಯಾ. ತರಗತಿ ನಕ್ಕಿತು.

"ನಾಳೆ ಸಂಜೆ ತೆರೀತೀನಿ," ಎಂದಳು ಮೇಡಂ. "ಬೇಡ ಅನ್ಸಿದ್ದನ್ನ ಅಷ್ಟರೊಳಗೆ ಅಳಿಸಿ. ಯಾಕೆ ಅಂತ ಕೇಳಲ್ಲ."

"ಎಲ್ಲರೂ ಅಳಿಸಿಬಿಟ್ರೆ?"

"ಖಾಲಿ ಪುಟ ತೆರೀತೀನಿ."

ಸುಮಾರಾಗಿ ಹಾಗೇ ಆಯಿತು. ಅವಳು ಗುರುತು ತೆಗೆದಾಗ ಪುಟದ ತುಂಬ 'ಈ ಬರಹವನ್ನು ಅಳಿಸಲಾಗಿದೆ' ಎಂಬ ಬೂದು ಸಾಲುಗಳು. ಕೆಲವರದು ಮಾತ್ರ ಉಳಿದಿತ್ತು, ಉದ್ದನೆಯವನದೂ ಸೇರಿ. ನಿಧಾನ ಮೇಡಂ ಅಡುಗೆಮನೆಯಲ್ಲಿ ಕೂತು, ಮುಂದೆ ಎಲ್ಲಿ ಕೆಲಸ ಕೇಳುವುದೆಂದು ಯೋಚಿಸತೊಡಗಿದಳು. ಅಳಲಿಲ್ಲ. ಅತ್ತರೆ ಮಂಡಳಿ ಕರಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆಗ ಆಯಾ ಅಳಿಸಿದ್ದ ಜಾಗದ ಕೆಳಗೆ ಯಾರೋ ಬರೆದರು: "ಇಲ್ಲಿ ಯಾರು ಕೂತಿದ್ರು?"

"ಹೇಳಲ್ಲ. ಜಾಗ ಹಾಗೇ ಇರ್ಲಿ," ಎಂದು ಆಯಾ.

"ನಂದೂ ಅಳಿಸ್ದೆ. ಈಗ ದೋಣಿ ಹಗುರ ಆಗಿದೆ, ಬೇಜಾರೂ ಆಗಿದೆ," ಎಂದು ಇನ್ನೊಬ್ಬರು.

"ಹಾಗಾದ್ರೆ ನನ್ನ ದೋಣಿಗೆ ಬಾ. ಅಜ್ಜಿ ಇದ್ದಾಳೆ, ಸ್ವಲ್ಪ ಬೈತಾಳೆ ಅಷ್ಟೇ."

ಬೂದು ಸಾಲುಗಳ ಕೆಳಗೆ ಮಾತು ಬೆಳೆಯುತ್ತಾ ಹೋಯಿತು. ಇದ್ದ ಬರಹಕ್ಕಿಂತ ಇಲ್ಲದ ಬರಹಕ್ಕೇ ಹೆಚ್ಚು ಉತ್ತರ. ಒಬ್ಬರ ದೋಣಿಯಿಂದ ಇನ್ನೊಬ್ಬರ ದೋಣಿಗೆ ಕಾಲಿಡುತ್ತಾ ಅವರು ಎತ್ತಲೋ ಸಾಗುತ್ತಿದ್ದರು. ಮಂಡಳಿಗೆ ಬೇಕಾದ ಅಂಕಿ ತಾನೇ ತುಂಬಿತು, ಪೇಪರ್ ಉಳಿಯಿತು. ಯಾವ ಸಾಲೂ 'ಮೇಡಂ' ಎಂದು ಶುರುವಾಗುತ್ತಿರಲಿಲ್ಲ. ಅದು ಅವಳಿಗೆ ಚುಚ್ಚಿತು.

"ನೀನೂ ಬರಿಯೇ," ಎಂದಳು ತಂಗಿ.

"ನನ್ನ ಪ್ರಶ್ನೆಗೆ ನಾನೇ ಉತ್ತರ ಬರೀಲಾ?"

"ನಿನ್ನ ಪ್ರಶ್ನೆ ಯಾರಿಗೆ ಬೇಕು? ಅವರ ಮಾತಿಗೆ ಬರಿ."

ಬಹಳ ಹೊತ್ತು ಯೋಚಿಸಿ ಅವಳು ಉದ್ದನೆಯವನ ಸಾಲಿನ ಕೆಳಗೆ, "ನಿಮ್ಮಪ್ಪನಿಗೆ ಈಜು ಬರುತ್ತಾ?" ಎಂದು ಬರೆದಳು.

ಅವನು ಕೂಡಲೇ ಉತ್ತರಿಸಿದ: "ಬರಲ್ಲ. ನಂಗೂ ಬರಲ್ಲ."