ನಾಲ್ಕು ಭಾಷೆಯ ಪಾಸ್ಖ, ಅವ್ವನ ಒಂದು ಹೊಟ್ಟೆ

ನಮ್ಮ ಮನೆಯಲ್ಲಿ ಪಾಸ್ಖದ, ಅಂದರೆ ಈಸ್ಟರಿನ, ಬೆಳಗು ಶುರುವಾಗುವುದೇ ಅವ್ವ ಮುಟ್ಟದೆ ಆರಲು ಬಿಟ್ಟ ಕಾಫಿ ಲೋಟದಿಂದ. ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಹಸಿದಿದ್ದರೆ ಸಾಕೆಂದು ಗುರುಗಳೇ ಹೇಳಿ ಎಷ್ಟೋ ಕಾಲವಾಯಿತು. ಅವ್ವನ ದೇವರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸಕ್ಕರೆ ಕಾಯಿಲೆಯವಳು, "ಪರಸಾದ ತಗಳ್ಳೋಗಂಟ ಒಂದ್ ತೊಟ್ಟು ನೀರೂ ಬ್ಯಾಡ ಕಣೇ" ಎಂದು ತಲೆಗೆ ಸೆರಗು ಹೊದ್ದು ಹೊರಟೇಬಿಟ್ಟಳು. ಬುದ್ಧಿ ಬಂದಾಗಿನಿಂದ ಈ ಹಬ್ಬದ ಪ್ರಸಾದ ತಪ್ಪಿಸಿಕೊಂಡವಳಲ್ಲ ಎಂಬ ಹೆಮ್ಮೆ ಬೇರೆ.

ಹಿಂದೆ ಇದು ಹೇಗೋ ನಡೆಯುತ್ತಿತ್ತು, ಮಿತ್ರರೇ. ಹಾಸನದ ನಮ್ಮ ಚರ್ಚಿನಲ್ಲಿ ಪೂಜೆ ಕನ್ನಡದಲ್ಲಿ ಶುರುವಾಗಿ ಕನ್ನಡದಲ್ಲೇ ಮುಗಿದು, ಬಿಸಿಲೇರುವಷ್ಟರಲ್ಲಿ ನಾವು ಇಡ್ಲಿಯ ಮುಂದಿರುತ್ತಿದ್ದೆವು. ಈಗ ಕೇರಳದ ನರ್ಸುಗಳು, ತಮಿಳು ಮೇಸ್ತ್ರಿಗಳು, ಕಾಫಿ ತೋಟಗಳಿಗೆ ಬಂದ ಜಾರ್ಖಂಡಿನ ಸಂಸಾರಗಳು. ಬರಲಿ, ದೇವರ ಮನೆಯೇನು ನನ್ನಪ್ಪನ ಆಸ್ತಿಯೇ? ಆದರೆ ಯಾರ ಮನಸ್ಸೂ ನೋಯಬಾರದೆಂದು ನಮ್ಮ ಗುರುಗಳು ಬೈಬಲಿನ ಶುಭಸಂದೇಶವನ್ನು ಎಲ್ಲರ ಭಾಷೆಯಲ್ಲೂ ಓದಿಸುತ್ತಾರೆ, ಅದನ್ನು ಎಲ್ಲರೂ ನಿಂತೇ ಕೇಳಬೇಕು. ಶಿಷ್ಯರಾದ ಪೇತ್ರನೂ ಯೊವಾನ್ನನೂ ಯೇಸುವಿನ ಖಾಲಿ ಸಮಾಧಿಗೆ ಕನ್ನಡದಲ್ಲಿ ಓಡಿದರು, ಮಲಯಾಳದಲ್ಲಿ ಓಡಿದರು, ತಮಿಳಿನಲ್ಲಿ ಓಡಿದರು. ಹಿಂದಿಯಲ್ಲಿ ಓಡಲು ಸೊಂಟ ಕಟ್ಟುವ ಹೊತ್ತಿಗೆ ಅವ್ವ ಮೈಯ ಸಕ್ಕರೆ ಇಳಿದು, ಹಣೆಯೆಲ್ಲ ಬೆವರಿ, ಬೆಂಚಿನ ಮೇಲೆ ಕುಸಿದಳು.

ನಾನು ಸಕ್ಕರೆ ಹಿಡಿದರೆ ತುಟಿ ಬಿಗಿದಳು. ಬೇಡಿದೆ, ಗದರಿದೆ. ಸಾಯುವ ಹಟ! ನನಗೆ ಗುರುಗಳ ಮೇಲೆ, ಭಾಷೆಗಳ ಮೇಲೆ, ಪೇತ್ರನ ಮೇಲೂ ರೇಗಿಹೋಯಿತು.

ಪಕ್ಕದಲ್ಲಿದ್ದ ಜಾರ್ಖಂಡಿನ ಹೆಂಗಸಿಗೆ ಕನ್ನಡ ಬಾರದು. ಅವಳು ಚೀಲದಿಂದ ಬೆಲ್ಲದ ತುಂಡು ತೆಗೆದು, ಅರ್ಧ ಮುರಿದು ಮೊದಲು ತನ್ನ ಬಾಯಿಗೆ ಹಾಕಿಕೊಂಡಳು. ಉಳಿದರ್ಧವನ್ನು ಅವ್ವನ ತುಟಿಗೆ ಹಿಡಿದು, "ಖಾ ಲೋ, ಮಾ" ಎಂದಳು. ಅವ್ವ ಅವಳ ಮುಖವನ್ನೇ ನೋಡಿ, ಮಗುವಿನಂತೆ ಬಾಯಿ ತೆರೆದಳು.

ಪ್ರಸಾದಕ್ಕೆ ಬೆಂಚುಗಳೆಲ್ಲ ಖಾಲಿಯಾದಾಗ, ಬೆಲ್ಲ ತಿಂದು ಉಪವಾಸ ಮುರಿದ ಅವ್ವ ಏಳಲಿಲ್ಲ. ಆ ಹೆಂಗಸೂ ಏಳಲಿಲ್ಲ. ಅವಳೂ ಅವ್ವನಂತೆಯೇ ಹಸಿದು ಬಂದಿದ್ದವಳೆಂದು ನನಗೆ ಆಗ ಹೊಳೆಯಿತು.

ಆಟೋದಲ್ಲಿ ನನ್ನ ಸಿಟ್ಟಿನ್ನೂ ಇಳಿದಿರಲಿಲ್ಲ. ಮುಂದಿನ ವರ್ಷ ಅರಕಲಗೂಡಿನ ಚಿಕ್ಕಮ್ಮನ ಚರ್ಚಿಗೇ ಹೋಗೋಣ, ಅಲ್ಲಿ ಬರೀ ಕನ್ನಡ, ಬೇಗ ಮುಗಿಯುತ್ತದೆ ಎಂದೆ.

ಅವ್ವ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ನಾನ್ ಅಲ್ಗೋದ್ರೆ, ಇಲ್ಲಿ ಅವಳ್ ಪಕ್ಕ ಯಾರೇ ಕೂತ್ಕತಾರೆ?"